ಇಪ್ಪತ್ನಾಲ್ಕು ಅಂಕಿಯ ಮೇಣದಬತ್ತಿ

ಗುನ್ವೋರ್ ನಮ್ಮ ಊರಿನಲ್ಲಿ ಮೂವತ್ತೊಂದು ವರ್ಷ ಸೈಕಲ್ ಮೇಲೆ ಟಪಾಲು ಹಂಚಿದವಳು. ಯಾವ ಮನೆಯ ಬಾಗಿಲಿನಿಂದ ಯಾವ ವಾಸನೆ ಬರುತ್ತದೆ ಎನ್ನುವುದು ಅವಳಿಗೆ ಬಾಯಿಪಾಠ. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಕಾಗದವನ್ನು ಸರಿಯಾದ ಮನೆಗೇ ಹಾಕಿ ಬರುತ್ತಾಳೆ ಎಂದು ಅವಳ ಗಂಡ ವಿಗ್ಗೊ ಹೇಳುತ್ತಿದ್ದ. ಅವನು ಫ್ಯೋರ್ಡ್ ಎಂಬ ಕಡಲತೋಳಿನ ಆಚೆ ದಡಕ್ಕೆ ದೋಣಿ ನಡೆಸಿ ನಿವೃತ್ತನಾದವನು. ಮಾತು ಕಡಿಮೆ, ಆಡಿದರೆ ಚುಚ್ಚುವಂಥದ್ದೇ.

ಚರ್ಚಿನ ಕ್ರಿಸ್ಮಸ್ ಸಂತೆಯಲ್ಲಿ ಕಿಟಕಿಯ ಕೆಳಗಿನ ಮೇಜು ಹತ್ತೊಂಬತ್ತು ವರ್ಷದಿಂದ ಗುನ್ವೋರಳದು. ಅದರ ಮೇಲೆ ಅವಳು ಮನೆಯಲ್ಲಿ ಮಾಡಿದ ಪರಿಮಳದ ಮೇಣದಬತ್ತಿಗಳು. ಕಿತ್ತಳೆ ಸಿಪ್ಪೆ, ಲವಂಗ, ಚಕ್ಕೆ. ಹತ್ತೊಂಬತ್ತು ವರ್ಷವೂ ಅದೇ. ಕೆಲಸ ಬಿಟ್ಟ ಮೇಲೆ ಆ ಮೇಜಿನ ಬೆಲೆ ಅವಳಿಗೆ ಇನ್ನೂ ಹೆಚ್ಚಾಗಿತ್ತು. ಮೊದಲು ಅವಳೇ ಊರಿನ ಎಲ್ಲರ ಬಾಗಿಲಿಗೆ ಹೋಗುತ್ತಿದ್ದಳು. ಈಗ ಊರು ಅವಳ ಹತ್ತಿರ ಬರುವುದು ಆ ಒಂದು ಶನಿವಾರ ಮಾತ್ರ.

ಚರ್ಚಿನ ಗಂಟೆ ಬಾರಿಸುವುದು, ಸಭಾಭವನದಲ್ಲಿ ಕುರ್ಚಿ ಜೋಡಿಸುವುದು ನನ್ನ ಕೆಲಸ. ಹಾಗಾಗಿ ಆಗಸ್ಟಿನ ಸಂತೆ ಸಭೆಯಲ್ಲಿ ಕಾಫಿ ಬಗ್ಗಿಸುತ್ತ ನಾನೂ ಇದ್ದೆ. ಆ ವರ್ಷ ಸಂತೆಯ ಉಸ್ತುವಾರಿ ಅಗ್ನೇಟಳ ಕೈಗೆ ಬಂದಿತ್ತು. ನಮ್ಮ ಶಾಲೆಯಲ್ಲಿ ಗಣಿತ ಕಲಿಸಿದವಳು. ಈಗಲೂ ಅವಳ ಮುಂದೆ ಊರಿನ ಗಂಡಸರು ಜೇಬಿನಿಂದ ಕೈ ತೆಗೆದು ನಿಲ್ಲುತ್ತಾರೆ.

“ಗುನ್ವೋರ್, ಬೇಜಾರು ಮಾಡ್ಕೋಬೇಡ,” ಅಂದಳು ಅಗ್ನೇಟ. “ನನ್ನ ಕಪಾಟಿನಲ್ಲಿ ನಿನ್ನ ಬತ್ತಿ ಹದಿಮೂರು ಇವೆ. ಒಂದೂ ಹಚ್ಚಿಲ್ಲ. ನನ್ನ ಕೋಟುಗಳೆಲ್ಲ ಲವಂಗದ ವಾಸನೆ.”

“ಹುಳ ಹಿಡಿದಿಲ್ವಲ್ಲ, ಒಳ್ಳೇದೇ ಆಯ್ತು.”

“ಈ ಸಲ ಹೊಸದೇನಾದ್ರೂ ಮಾಡ್ಕೊಂಡು ಬಾ. ಅದು ನನಗೆ ಒಪ್ಪಿಗೆಯಾದ್ರೆ ಮೇಜು ಮುಂದಕ್ಕೂ ನಿನ್ನದು. ಇಲ್ಲಾಂದ್ರೆ ಜೇನು ಮಾರೋರು ಆ ಜಾಗ ಕೇಳ್ತಾ ಇದ್ದಾರೆ.”

ಗುನ್ವೋರ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಮರುದಿನದಿಂದ ಅವಳು ಸಿಕ್ಕಸಿಕ್ಕವರನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳತೊಡಗಿದಳು: ನೀವು ಚಿಕ್ಕವರಿದ್ದಾಗ ಡಿಸೆಂಬರಿನಲ್ಲಿ ಮನೆಯಲ್ಲಿ ಏನು ವಾಸನೆ ಬರುತ್ತಿತ್ತು? ಬೇಕರಿಯ ಓಲುಫ್, “ಒದ್ದೆ ನಾಯಿ” ಅಂದ. ಇನ್ನೊಬ್ಬರು ಸೀದುಹೋದ ಕೆಂಪು ಎಲೆಕೋಸು ಅಂದರು. ನಮ್ಮ ಪಾದ್ರಿಯಮ್ಮ ತುಂಬ ಹೊತ್ತು ಕಣ್ಣು ಮುಚ್ಚಿ ಯೋಚಿಸಿದರು. ಏನೋ ಪವಿತ್ರವಾದದ್ದು ಬರುತ್ತದೆಂದು ನಾನು ಕಾದೆ. “ಅಪ್ಪನ ಬೂಟ್ ಪಾಲಿಶ್” ಅಂದರು. ಆದರೂ ಎಲ್ಲ ಉತ್ತರಗಳ ನಡುವೆ ಕೆಲವು ಮತ್ತೆ ಮತ್ತೆ ಬಂದವು: ಹಬ್ಬಕ್ಕೆ ಮುಂಚೆ ಮರದ ನೆಲ ತಿಕ್ಕುವ ಕಂದು ಸೋಪು, ಏಲಕ್ಕಿ ಬಿಸ್ಕತ್ತು, ಮನೆಯೊಳಗೆ ತಂದ ಹಸಿ ಕ್ರಿಸ್ಮಸ್ ಮರದ ರಾಳ, ಕೊನೆಗೆ ಹಬ್ಬದ ಸಂಜೆಯ ಅಕ್ಕಿ ಪಾಯಸ.

ಡಿಸೆಂಬರಿನಲ್ಲಿ ಇಲ್ಲಿ ಪ್ರತಿ ಮನೆಯಲ್ಲೂ ಅಂಕಿ ಬರೆದ ಒಂದು ದಪ್ಪ ಮೇಣದಬತ್ತಿ ಇರುತ್ತದೆ. ಮೇಲಿನಿಂದ ಕೆಳಗೆ ಒಂದರಿಂದ ಇಪ್ಪತ್ನಾಲ್ಕು. ದಿನಕ್ಕೆ ಒಂದು ಅಂಕಿ ಕರಗುವಷ್ಟು ಹೊತ್ತು ಉರಿಸಿ ಆರಿಸುವುದು; ಕೊನೆಯ ಅಂಕಿ ಕರಗುವ ದಿನ ಕ್ರಿಸ್ಮಸ್ ಸಂಜೆ. ಗುನ್ವೋರಳಿಗೆ ಹೊಳೆದದ್ದು ಇಷ್ಟು: ಅಂಥ ಒಂದೇ ಬತ್ತಿಯಲ್ಲಿ ವಾರಕ್ಕೊಂದರಂತೆ ನಾಲ್ಕು ಪರಿಮಳ. ಮೊದಲ ವಾರ ತೊಳೆದ ನೆಲ, ಆಮೇಲೆ ಬಿಸ್ಕತ್ತು, ಆಮೇಲೆ ಮರ, ಕೊನೆಗೆ ಬಾದಾಮಿ, ವೆನಿಲಾ ಹಾಕಿದ ಪಾಯಸ. ಮನೆ ತಾನಾಗಿ ಹಬ್ಬದ ಕಡೆಗೆ ನಡೆದಂತೆ.

ಸೆಪ್ಟೆಂಬರ್ ಪೂರ್ತಿ ಅವಳ ಅಡುಗೆಮನೆಯಲ್ಲಿ ಸಣ್ಣ ಸಣ್ಣ ಗಾಜಿನ ಜಾಡಿಗಳು. ಹತ್ತಿಯ ಉಂಡೆಗೆ ಎರಡು ಹನಿ ಈ ಪರಿಮಳದ ಎಣ್ಣೆ, ಒಂದು ಹನಿ ಅದು ಹಾಕಿ ಮುಚ್ಚಿಟ್ಟು ಮರುದಿನ ಮೂಸುವುದು. ಸರಿ ಅನಿಸಿದ್ದನ್ನು ಮೇಣಕ್ಕೆ ಬೆರೆಸಿ ಹಚ್ಚಿ ನೋಡುವುದು. ಹಚ್ಚಿದ ಮೇಲೆ ಕಥೆಯೇ ಬೇರೆ. ತಣ್ಣಗಿದ್ದಾಗ ಏಲಕ್ಕಿ ಅನಿಸಿದ್ದು ಉರಿದಾಗ ಕೆಮ್ಮಿನ ಔಷಧಿಯಾಯಿತು. ಅದಕ್ಕೆ ನಿಂಬೆ ಸಿಪ್ಪೆ ಸೇರಿಸಿದಳು, ಔಷಧಿ ಇನ್ನೂ ಜೋರಾಯಿತು. ನಿಂಬೆ ತೆಗೆದು ಬೆಣ್ಣೆಯ ಪರಿಮಳ ಅರ್ಧ ಹನಿ ಹಾಕಿದಾಗ ಬಿಸ್ಕತ್ತು ಬಂತು. ಮೂಗು ದಣಿದಾಗೆಲ್ಲ ವಿಗ್ಗೊನ ಉಣ್ಣೆ ಸ್ವೆಟರಿನ ತೋಳನ್ನು ಎಳೆದು ಮೂಸುತ್ತಿದ್ದಳು. ಹಾಗೆ ಮಾಡಿದರೆ ಮೂಗು ಮತ್ತೆ ತಿಳಿಯಾಗುತ್ತದಂತೆ.

“ಮದುವೆಯಾದ ಹೊಸದರಲ್ಲೂ ನೀನು ನನ್ನನ್ನ ಇಷ್ಟು ಮೂಸಿರಲಿಲ್ಲ,” ಅಂದ ವಿಗ್ಗೊ.

“ಆಗ ನೀನು ಡೀಸೆಲ್ ವಾಸನೆ ಹೊಡೀತಿದ್ದೆ.”

ಅಕ್ಟೋಬರಿನಲ್ಲಿ ಮೂವತ್ತೊಂದು ಬತ್ತಿ ಎರೆದಳು. ನಾನು ನೋಡಲು ಹೋದ ದಿನ ಗಂಡಹೆಂಡತಿ ಇಬ್ಬರೂ ತಗಡಿನ ಕೊಳವೆ ಅಚ್ಚುಗಳ ಸಾಲಿನ ಮುಂದೆ ನಿಂತಿದ್ದರು. ಅಚ್ಚಿನ ತಳದ ತೂತಿನಿಂದ ದಾರವನ್ನು ಹೊರಗೆ ಎಳೆದು ಬಿಗಿದು, ಮೇಲಿನ ಬಾಯಿಯಿಂದ ಮೇಣ ಸುರಿಯುತ್ತಾರೆ.

“ಮೊದಲು ಯಾವುದು?” ಅಂತ ಕೇಳಿದೆ.

“ಪಾಯಸ,” ಅಂದಳು. “ಕೊನೇ ವಾರ ಬುಡದಲ್ಲಿ ಇರ್ಬೇಕಲ್ಲ.”

“ಮನೆ ಕಟ್ಟೋದು ತಳಪಾಯದಿಂದ,” ಅಂತ ವಿಗ್ಗೊ ಗಂಭೀರವಾಗಿ ತಲೆ ಆಡಿಸಿದ. ನನಗೂ ಸರಿಯೆನಿಸಿತು. ಒಂದು ಪದರ ಕೆನೆ ಕಟ್ಟಿ, ಬಿಸಿ ಇನ್ನೂ ಉಳಿದಿರುವಾಗಲೇ ಮುಂದಿನದನ್ನು ಸುರಿಯಬೇಕು, ಇಲ್ಲದಿದ್ದರೆ ಪದರಗಳು ಬಿಟ್ಟುಕೊಳ್ಳುತ್ತವೆ. ಬಣ್ಣ ಹಾಕಲಿಲ್ಲ. ಎಲ್ಲ ಬಿಳಿ, ಪರಿಮಳ ಬದಲಾಗುವುದು ಗುಟ್ಟಾಗಿರಲಿ ಎಂದು. ಅಚ್ಚಿನಿಂದ ತೆಗೆದ ಮೇಲೆ, ದಾರದ ತುದಿ ಹೊರಗೆ ಚಾಚಿದ್ದ ಕಡೆಯಿಂದ ಒಂದು, ಎರಡು ಎಂದು ಕೆಂಪು ಅಂಕಿ ಬರೆದಳು.

ನವೆಂಬರಿನ ಕೊನೆಯ ಶನಿವಾರ ಸಂತೆ; ಮಧ್ಯಾಹ್ನದೊಳಗೆ ಮೂವತ್ತೂ ಖಾಲಿ. ಉಳಿದ ಒಂದು ಅವಳ ಮನೆಗೆ. ಅಗ್ನೇಟಳೂ ಒಂದು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು. “ಏನೂ ತಿಳಿಯೋದಿಲ್ಲ. ಎಲ್ಲ ಕಲಸಿದ ಹಾಗಿದೆ.”

“ಹಚ್ಚಿದರೆ ಒಂದೊಂದಾಗಿ ಬರ್ತದೆ. ಕಾಯ್ಬೇಕು ಅಗ್ನೇಟ. ಕ್ರಿಸ್ತ ಜಯಂತಿಗೆ ಮುಂಚಿನ ಈ ನಾಲ್ಕು ವಾರ ಇರೋದೇ ಕಾಯೋಕೆ ತಾನೆ?”

“ಸರಿ. ಮೇಜಿನ ವಿಷಯ ಇಪ್ಪತ್ನಾಲ್ಕನೇ ತಾರೀಖು ಹೇಳ್ತೀನಿ.”

ಡಿಸೆಂಬರ್ ಒಂದನೇ ತಾರೀಖು ಸಂಜೆ ಕಾಫಿಗೆ ನನ್ನನ್ನು ಕರೆದಿದ್ದರು. ಗುನ್ವೋರ್ ಬತ್ತಿ ಹಚ್ಚಿ, ಕೈ ಕಟ್ಟಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ವಿಗ್ಗೊ ಒಲೆಯ ಕಡೆ ನೋಡಿದ.

“ಪಾಯಸ ಮಾಡಿದ್ಯಾ?”

ಯಾರೂ ಮಾಡಿರಲಿಲ್ಲ. ಬಾದಾಮಿ, ವೆನಿಲಾ, ಅಕ್ಕಿ ಬೇಯುವ ಹಾಲು, ಎಲ್ಲ ಸ್ಪಷ್ಟವಾಗಿ ಮೇಜಿನ ಮೇಲೇ ಇತ್ತು. ಗುನ್ವೋರ್ ಎದ್ದು ಕಪಾಟಿನಿಂದ ಖಾಲಿ ಅಚ್ಚು ತಂದಳು. ಬಾಯಿ ಮೇಲೆ ಮಾಡಿ ಹಿಡಿದಳು, ಆಮೇಲೆ ನಿಧಾನವಾಗಿ ತಿರುಗಿಸಿದಳು. ಅಚ್ಚಿನಲ್ಲಿ ಬತ್ತಿ ತಲೆ ಕೆಳಗಾಗಿ ನಿಂತಿರುತ್ತದೆ. ಮೊದಲು ಸುರಿದದ್ದೇ ತಲೆ. ಹತ್ತೊಂಬತ್ತು ವರ್ಷ ಒಂದೇ ಪರಿಮಳ ಸುರಿದವಳಿಗೆ ತಲೆ ಯಾವುದು, ಬುಡ ಯಾವುದು ಎಂದು ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಓಲುಫನ ದನಿ ನನಗೂ ಕೇಳಿಸುತ್ತಿತ್ತು. “ಗುನ್ವೋರ್, ಕ್ರಿಸ್ಮಸ್ ಆಗ್ಲೇ ನಮ್ಮನೆಗೆ ಬಂದು ಕೂತಿದೆ. ಇನ್ನು ಇಪ್ಪತ್ಮೂರು ದಿನ ಅದಕ್ಕೆ ಏನು ಬಡಿಸ್ಲಿ?”

ಫೋನ್ ಇಟ್ಟು ಅವಳು ನನ್ನ ಕಡೆ ತಿರುಗಿದಳು. “ಹಬ್ಬದ ಸಂಜೆ ಮೂವತ್ತು ಮನೇಲಿ ನೆಲ ತೊಳೆದ ಸೋಪಿನ ವಾಸನೆ. ಅಗ್ನೇಟಳ ಮನೇಲೂ. ಮೇಜು ಹೋಯ್ತು.” ಆಮೇಲೆ, “ಸುಮ್ಮನಿದ್ದುಬಿಡ್ಲಾ? ಬೇಕಂತಲೇ ಹಾಗೆ ಮಾಡಿದ್ದು ಅಂದ್ರೂ ನಂಬ್ತಾರೆ.”

ನಾನು ಅವಳ ಕಪ್ಪಿಗೆ ಕಾಫಿ ಬಗ್ಗಿಸಿದೆ. ಕೆಲವು ಪ್ರಶ್ನೆಗಳಿಗೆ ಕೇಳಿದವರ ಹತ್ತಿರವೇ ಉತ್ತರ ಇರುತ್ತದೆ; ಸ್ವಲ್ಪ ಜಾಗ ಬಿಟ್ಟರೆ ಸಾಕು.

“ಇಲ್ಲ,” ಅಂದಳು ಕಪ್ಪನ್ನು ದೂಡಿ. “ಕಾಗದ ತಪ್ಪು ಮನೆಗೆ ಹಾಕಿದಾಗ ವಾಪಸ್ ಹೋಗಿ ಬಾಗಿಲು ತಟ್ತಿದ್ದೆ.”

ವಿಗ್ಗೊ ಬತ್ತಿ ಆರಿಸಿ, ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದ. “ಮಾರಾಯ್ತಿ, ದಾರ ಬುಡದವರೆಗೂ ಇದೆಯಲ್ಲ. ಬುಡ ಸ್ವಲ್ಪ ಕೆತ್ತಿ, ಉಲ್ಟಾ ನಿಲ್ಲಿಸಿ, ಅಲ್ಲಿಂದ ಹಚ್ಚು.”

“ಇದನ್ನ ಅಕ್ಟೋಬರಲ್ಲಿ ಹೇಳ್ಬಾರ್ದಿತ್ತಾ?”

“ಅಕ್ಟೋಬರಲ್ಲಿ ನಾನು ಮನೆ ಕಟ್ತಾ ಇದ್ದೆ.”

ಮರುದಿನ ಗುನ್ವೋರ್ ಹಳೆಯ ಸೈಕಲ್ ಹೊರಗೆ ತೆಗೆದಳು. ಚೀಲದಲ್ಲಿ ಒಂದು ಚೂರಿ. ಎರಡು ದಿನದಲ್ಲಿ ಮೂವತ್ತು ಬಾಗಿಲು ತಟ್ಟಿ, ಮೂವತ್ತು ಸಲ ತಪ್ಪೊಪ್ಪಿಕೊಂಡಳು. ಓಲುಫ್ ಬತ್ತಿಯನ್ನು ಉಲ್ಟಾ ನಿಲ್ಲಿಸಿ, ಅಂಕಿ ಓದಲು ತಾನೇ ತಲೆ ವಾಲಿಸಿ, ಕತ್ತು ಉಳುಕಿತು ಅಂದ. ಎಂಬತ್ತೊಂಬತ್ತು ವರ್ಷದ ತೋರಾ ಮಾತ್ರ ಚೂರಿ ಮುಟ್ಟಲು ಬಿಡಲಿಲ್ಲ. “ಪಾಯಸ ಮೊದಲೇ ಬಂದ್ರೆ ಮೊದಲೇ ತಿನ್ನೋದು. ಈ ವಯಸ್ಸಲ್ಲಿ ಸರದಿ ಪ್ರಕಾರ ಕಾಯೋಕೆ ಆಗಲ್ಲ ಮಗಾ.”

ಕೊನೆಯ ಮನೆ ಅಗ್ನೇಟಳದು. ಗುನ್ವೋರ್ ಹೇಳುವುದನ್ನು ಪೂರ್ತಿ ಕೇಳಿ ಅವಳು ಬಾಗಿಲಿನಲ್ಲೇ ನಿಂತು ಅಂದಳಂತೆ: “ಇಪ್ಪತ್ನಾಲ್ಕರಿಂದ ಹಿಂದಕ್ಕೆ ಎಣಿಸೋದಾ? ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಇದ್ದ ಹಾಗೇ ಉರಿಸ್ತೀನಿ. ಕೊನೇ ವಾರ ಏನಾಗ್ತದೋ ನೋಡೋಣ.”

“ಸೋಪು, ಅಗ್ನೇಟ.”

“ಕೇಳಿಸ್ತು.”

ಇಪ್ಪತ್ನಾಲ್ಕರ ಮಧ್ಯಾಹ್ನ ಚರ್ಚ್ ತುಂಬಿತ್ತು. ಆರಾಧನೆ ಮುಗಿದು, ನಾನು ಗಂಟೆ ಬಾರಿಸಿ ಬರುವ ಹೊತ್ತಿಗೆ ಜನ ಕರಗಿದ್ದರು. ಬಾಗಿಲ ಬಳಿ ಗುನ್ವೋರ್ ಕೈಗವಸು ಹಾಕುತ್ತ, ತೆಗೆಯುತ್ತ ನಿಂತಿದ್ದಳು. ಅಗ್ನೇಟ ನೇರ ಅವಳ ಹತ್ತಿರ ಬಂದಳು.

“ನಿನ್ನೆ ಮಗಳ ಮನೆಯವರು ಬಂದ್ರು. ಬತ್ತಿ ಹಚ್ಚಿಟ್ಟಿದ್ದೆ. ಅಳಿಯ ಬಾಗಿಲಲ್ಲಿ ಕಾಲಿಟ್ಟವನು ಹಾಗೇ ನಿಂತ. ಗಾಳಿ ಮೂಸಿದ. ಬೂಟು ಬಿಚ್ಚಿ, ಜೋಡಿಸಿ ಇಟ್ಟ. ಹನ್ನೆರಡು ವರ್ಷದಲ್ಲಿ ಮೊದಲ ಸಲ.”

ಗುನ್ವೋರ್ ಕೈಗವಸನ್ನು ಮತ್ತೆ ಕಳಚಿದಳು.

“ಮೊಮ್ಮಕ್ಕಳು ಯಾರೂ ಹೇಳದೆ ಕೈ ತೊಳೆದ್ರು. ಇಷ್ಟೊಂದು ಕೆಲಸ ಯಾಕಮ್ಮಾ ಮಾಡ್ಕೊಂಡೆ ಅಂತ ಮಗಳು ಬಯ್ದಳು.” ಅಗ್ನೇಟ ಸುತ್ತ ನೋಡಿ ದನಿ ತಗ್ಗಿಸಿದಳು. “ನಾನು ಈ ತಿಂಗಳು ನೆಲ ತೊಳೆದೇ ಇಲ್ಲ ಗುನ್ವೋರ್.”

“ಹಾಗಾದ್ರೆ ಮೇಜು?”

“ಕಿಟಕಿ ಕೆಳಗಿನದೇ. ಜೇನಿನವರು ಪಕ್ಕಕ್ಕೆ ಕೂತ್ಕೊಳ್ಳಲಿ. ಮುಂದಿನ ವರ್ಷ ನನಗೊಂದು ಪೂರ್ತಿ ಸೋಪಿನದೇ ಮಾಡಿಕೊಡು.”

ಅಗ್ನೇಟ ಹೋದ ಮೇಲೆ ಗುನ್ವೋರ್ ಮತ್ತೆ ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ತಲೆ ತಗ್ಗಿಸಿದ್ದಳು, ಭುಜ ಕುಲುಕುತ್ತಿತ್ತು. ಪ್ರಾರ್ಥನೆಯೋ ನಗುವೋ ಹಿಂದಿನಿಂದ ನನಗೆ ತಿಳಿಯಲಿಲ್ಲ, ಎರಡೂ ಇದ್ದಿರಬಹುದು. ಬೀಗದಕೈ ಹಿಡಿದು ಕಾದೆ. ವಿಗ್ಗೊ ಹೊರಗಿನಿಂದ ತಲೆ ಹಾಕಿದ.

“ದೇವರ ಹತ್ತಿರ ಉಳಿದದ್ದು ನಾಳೆ ಮಾತಾಡು ಮಾರಾಯ್ತಿ. ಮನೇಲಿ ನಿಜವಾದ ಪಾಯಸ ತಳ ಹಿಡೀತಾ ಇದೆ.”