ನದಿ ದಾಟಿದ ಸರದಿಯಲ್ಲಿ

ಮೊನ್ನೆ ನಮ್ಮ ಕಾಲೇಜಿನ ಲೈಬ್ರರಿಗೆ ಬೈಂಡಿಂಗ್ ಆಗಿ ಬಂದ ಪುಸ್ತಕಗಳ ಕಟ್ಟು ಬಿಚ್ಚಿದರು. ಒಂದನ್ನು ಕೈಗೆತ್ತಿಕೊಂಡೆ, ಅಷ್ಟೇ. ಮೈದಾ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಹುಳ ಬೀಳದಿರಲಿ ಎಂದು ಮೈಲುತುತ್ತ ಹಾಕಿ ಕುದಿಸಿದ ಅಂಟಿಗೆ ಒಂದು ಹುಳಿ ಕಮಟು ಇರುತ್ತದೆ. ಲೈಬ್ರೇರಿಯನ್ "ಯಾಕ್ ಸಾರ್, ಹುಷಾರಿಲ್ವಾ?" ಎಂದರು. ಏನಿಲ್ಲ ಎಂದು ಪುಸ್ತಕ ಅಲ್ಲೇ ಇಟ್ಟು ಹೊರಗೆ ಬಂದೆ. ಇದೊಂದು ವಾಸನೆಗೆ ನಾನು ಇವತ್ತಿಗೂ ಹೆದರುತ್ತೇನೆ...

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನನಗೆ ಬೋಗಾದಿಯಲ್ಲಿ ಬಾಡಿಗೆ ರೂಮು, ಇಂಗ್ಲಿಷ್ ಪಾಠ ಹೇಳುವ ಹೊಸ ಕೆಲಸ, ಭಾನುವಾರ ಬಂತೆಂದರೆ ಕೈ ಖಾಲಿ. ಮಂಡಿ ಮೊಹಲ್ಲಾದ ಒಂದು ರದ್ದಿ ಅಂಗಡಿಯಲ್ಲಿ ಹಳೆಯ ಪುಸ್ತಕ ಕೆದಕುವಾಗ ಹರಿದ ಡಬ್ಬವೊಂದು ಸಿಕ್ಕಿತು. ಒಳಗೆ ಮಡಚಿದ ದೊಡ್ಡ ಭೂಪಟ, ಅದರ ತುಂಬ ಜೇನುಗೂಡಿನಂಥ ಆರು ಮೂಲೆಯ ಮನೆಗಳು, ಉಗುರಿನಗಲದ ಇನ್ನೂರು ಮುನ್ನೂರು ರಟ್ಟಿನ ಕಾಯಿ, ಎರಡು ದಾಳ, ಅರವತ್ತು ಪುಟದ ಇಂಗ್ಲಿಷ್ ನಿಯಮಪುಸ್ತಕ. ಯುದ್ಧದ ಆಟ. ಇಬ್ಬರು ಕೂತು ಸರದಿಯ ಮೇಲೆ ಸರದಿ ತಮ್ಮ ತಮ್ಮ ದಂಡು ನಡೆಸಬೇಕು. ಪುಸ್ತಕದ ಹಾಳೆಗಳು ಉದುರುತ್ತಿದ್ದವು. ಎರಡು ಅಂಗಡಿ ಆಚೆಗೇ ಒಬ್ಬರು ಬೈಂಡಿಂಗ್ ಮಾಡುತ್ತಿದ್ದರು; ಒಯ್ದು ಕೊಟ್ಟೆ.

ಬೈಂಡಿಂಗ್ ಯಜಮಾನರಿಗೆ ಆಗಲೇ ಅರವತ್ತರ ಹತ್ತಿರ. ದಬ್ಬಣ ಹಿಡಿದೂ ಹಿಡಿದೂ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಭೂಪಟ ಬಿಡಿಸಿ ನೋಡಿದವರು ಕನ್ನಡಕ ಹಣೆಗೇರಿಸಿದರು.

"ಏನ್ ಮೇಷ್ಟ್ರೇ ಇದು, ಚೌಕಾಬಾರದಂಗಾ?"

"ಯುದ್ಧದ ಆಟ ಯಜಮಾನ್ರೇ. ಈ ಪುಸ್ತಕ ಪೂರ್ತಿ ಓದಿ ಆಮೇಲೆ ಆಡಬೇಕಂತೆ."

"ಯುದ್ಧಕ್ಕೆ ಇಷ್ಟೊಂದು ಓದ್ಬೇಕಾ? ಅಂಗಾದ್ರೆ ನಮ್ ಕಡೆ ಯಾರೂ ಯುದ್ಧನೇ ಮಾಡ್ತಿರ್ಲಿಲ್ಲ ಬುಡಿ!"

ಮುಂದಿನ ವಾರ ಹೋದಾಗ ಪುಸ್ತಕಕ್ಕೆ ಕೆಂಪು ಕ್ಯಾಲಿಕೋ ಬಟ್ಟೆಯ ಹೊದಿಕೆ ಬಂದಿತ್ತು. ಕಳೆದುಹೋಗಿದ್ದ ಹದಿನೇಳು ಕಾಯಿಗಳನ್ನು, ನಾನು ಹೇಳದೆಯೇ, ರಟ್ಟು ಕತ್ತರಿಸಿ ಮಾಡಿಟ್ಟಿದ್ದರು. "ಒಂದಾಟ ಆಡೇ ಬುಡಾಣ ಮೇಷ್ಟ್ರೇ" ಎಂದರು. ಹೀಗೆ ಶುರುವಾಯಿತು.

ಭಾನುವಾರ ಮಧ್ಯಾಹ್ನ ಷಟರ್ ಅರ್ಧ ಎಳೆದು, ರಟ್ಟು ಕತ್ತರಿಸುವ ಮೇಜಿನ ಮೇಲೆ ಭೂಪಟ ಹಾಸುತ್ತಿದ್ದೆವು. ಅವರಿಗೆ ಇಂಗ್ಲಿಷ್ ಬಾರದು. ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಒಂದು ನೋಟ್‌ಬುಕ್ಕಿನಲ್ಲಿ ಗುಂಡಗೆ ಬರೆದುಕೊಳ್ಳುವುದು. ಮೊದಲ ದಿನ ಒಂದೇ ಒಂದು ಸರದಿ ಮುಗಿಸುವಷ್ಟರಲ್ಲಿ ನಮ್ಮಿಬ್ಬರ ತಲೆಯೂ ಕೆಟ್ಟು ಮೊಸರಾಗಿತ್ತು. ಮೊದಲು ನಡೆಸಬೇಕೋ, ಹೊಡೆಯಬೇಕೋ? ಕಾಡಿನಲ್ಲಿ ಎಷ್ಟು ಮನೆ, ಬಯಲಿನಲ್ಲಿ ಎಷ್ಟು? ಪ್ರತಿ ಕಾಯಿಗೂ ಹಿಂದಿನ ಉಗ್ರಾಣದಿಂದ ಅನ್ನ ಬರುವ ದಾರಿ ತೆರೆದಿರಬೇಕು. ಮುಚ್ಚಿದರೆ ಅದರ ಬಲ ಅರ್ಧಕ್ಕೆ ಇಳಿಯುತ್ತದೆ. ಈ ಕೊನೆಯದು ಮಾತ್ರ ಯಜಮಾನರಿಗೆ ಥಟ್ಟನೆ ಹಿಡಿಸಿತು. "ಮೊದ್ಲು ಊಟದ ದಾರಿ ನೋಡ್ಕೊ, ಆಮೇಲೆ ಮೀಸೆ ತಿರುವು. ಸರಿಯಾಗೇ ಬರ್ದವ್ನೆ ಪುಣ್ಯಾತ್ಮ" ಎಂದರು.

ಆಟ ಶುರು ಮಾಡುವ ಮುಂಚೆ ಅವರು ಆ ನಿಯಮಪುಸ್ತಕವನ್ನೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನನಗೆ ನಗು. ಅವರಿಗೆ ಅಚ್ಚಾದದ್ದೆಲ್ಲ ಒಂದೇ, ಕಣ್ಣಿಗೆ ಒತ್ತಿಕೊಳ್ಳುವಂಥದ್ದೇ. ಯಾವುದೋ ಹಳೆಯ ಪುಸ್ತಕ ಹೊಲಿಯುತ್ತ ಒಮ್ಮೆ ಹೇಳಿದ್ದರು: "ಮನ್ಸ ಸುಳ್ಳಾಡ್ಬೋದು ಮೇಷ್ಟ್ರೇ, ಪುಸ್ತಕ ಆಡಲ್ಲ. ಬೇಕಾದ್ರೆ ಸುಮ್ನೆ ಮೇಜಿನ ಮೇಲೆ ಬುಡಿ. ಯಾವ್ ಪುಟ ಜಾಸ್ತಿ ಬಿಚ್ಚಿರ್ತೀರೋ ಅಲ್ಲಿಗೇ ತಾನಾಗಿ ಬಿಚ್ಕೊಳ್ತದೆ."

ಇಬ್ಬರೂ ಹೊಸಬರೇ. ಆದರೆ ನಾಲ್ಕು ವಾರ ಕಳೆಯುವುದರೊಳಗೆ ಅವರು ನನ್ನನ್ನು ಸೋಲಿಸತೊಡಗಿದರು. ಒಂದು ಸಲ, ಎರಡು ಸಲ ಅಲ್ಲ, ಸಾಲಾಗಿ ಏಳು ಸಲ! ಎಂ.ಎ. ಮಾಡಿದವನು ನಾನು, ಪುಸ್ತಕ ಓದುವವನು ನಾನು, ಗೆಲ್ಲುವವರು ಅವರು. ಹೊಟ್ಟೆ ಉರಿಯುತ್ತಿತ್ತು ಎಂದು ಹೇಳಲು ಈಗ ನಾಚಿಕೆಯೇನಿಲ್ಲ. ಅದರ ಮುಂದಿನ ಭಾನುವಾರ ಅವರ ಮೂರು ಕಾಯಿಗಳು ನದಿ ದಾಟಿ ನನ್ನ ಠಾಣೆಯ ಬಾಗಿಲಿಗೇ ಬಂದು ನಿಂತವು. ಅವರು ದಾಳ ಎತ್ತಿಕೊಂಡರು.

"ತಡೀರಿ," ಎಂದೆ. ಪುಸ್ತಕ ತಿರುವಿದೆ. ಮೂವತ್ತೊಂದನೆಯ ಪುಟದ ಮೇಲೆ ಬೆರಳಿಟ್ಟೆ. "ಇಲ್ನೋಡಿ. ನದಿ ದಾಟಿದ ಸರದಿಯಲ್ಲಿ ಹೊಡೆಯೋ ಹಾಗಿಲ್ಲ."

ಆ ಸಾಲಿನಲ್ಲಿ ಇದ್ದದ್ದು ಹಿಮ ಬೀಳುವ ತಿಂಗಳ ವಿಷಯ. ಅವರು ನನ್ನ ಬೆರಳನ್ನು ನೋಡಿದರು, ಅಕ್ಷರಗಳನ್ನು ನೋಡಿದರು. "ಪುಸ್ತಕದಾಗೆ ಇದ್ಮೇಲೆ ಮುಗೀತು ಬುಡಿ" ಎಂದು ದಾಳ ಕೆಳಗಿಟ್ಟು, ನೋಟ್‌ಬುಕ್ ತೆರೆದು ಅದನ್ನೂ ಗುಂಡಗೆ ಬರೆದುಕೊಂಡರು. ಆ ದಿನ ನಾನು ಗೆದ್ದೆ. ಆಮೇಲೆ ಆ ನಿಯಮ ನಮ್ಮ ಆಟದಲ್ಲಿ ಎಷ್ಟು ಸಲೀಸಾಗಿ ಸೇರಿಹೋಯಿತೆಂದರೆ, ಅದು ಸುಳ್ಳು ಅನ್ನುವುದೇ ನನಗೆ ಮರೆತುಹೋಗಿತ್ತು. ಅವರಂತೂ ಅದಕ್ಕೂ ಒಂದು ಉಪಾಯ ಹುಡುಕಿಕೊಂಡು ಮತ್ತೆ ಗೆಲ್ಲತೊಡಗಿದ್ದರು...

ಯಾದವಗಿರಿಯ ಬಂಗಲೆಯೊಂದರಲ್ಲಿ ತಿಂಗಳಿಗೊಂದು ಭಾನುವಾರ ಇಂಥ ಆಟ ಆಡುವವರು ನಾಲ್ಕಾರು ಜನ ಸೇರುತ್ತಾರೆ ಎಂದು ತಿಳಿಯಿತು. ಯಜಮಾನರನ್ನು ನಾನೇ ಬಲವಂತವಾಗಿ ಹೊರಡಿಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನೋಟ್‌ಬುಕ್ಕನ್ನು ಕವರಿನಲ್ಲಿ ಹಾಕಿಕೊಂಡು ಬಂದರು. ಅಲ್ಲಿದ್ದವರೆಲ್ಲ ನಮ್ಮ ನಿಯಮಪುಸ್ತಕದ ಬೈಂಡಿಂಗ್ ನೋಡಿ ಹೊಗಳಿದರು. ಎದುರಾಳಿ ಒಬ್ಬ ನಿವೃತ್ತ ಇಂಜಿನಿಯರು. ಒಂದು ಗಂಟೆಯೊಳಗೆ ಯಜಮಾನರು ಅವರನ್ನು ಮೂಲೆಗೆ ಒತ್ತಿದ್ದರು. ನಾನು ನನ್ನ ಮಗನೇ ಗೆಲ್ಲುತ್ತಿದ್ದಾನೇನೋ ಎಂಬಂತೆ ಬೀಗುತ್ತಿದ್ದೆ. ಆಗ ಇಂಜಿನಿಯರು ತಮ್ಮ ಕಾಯಿಗಳನ್ನು ನದಿ ದಾಟಿಸಿ ದಾಳ ಎತ್ತಿಕೊಂಡರು.

"ಸಾ, ಅಂಗೆ ಆಡಂಗಿಲ್ಲ. ನದಿ ದಾಟಿದ ಸರದೀಲಿ ಹೊಡೆಯಂಗಿಲ್ಲ" ಎಂದರು ಯಜಮಾನರು.

"ಯಾರ್ರೀ ಹೇಳಿದ್ದು?"

"ಪುಸ್ತಕದಲ್ಲೇ ಅದೆ. ಮೂವತ್ತೊಂದ್ನೇ ಪುಟ. ಮೇಷ್ಟ್ರೇ, ನೀವೇ ಓದಿ ಹೇಳಿ."

ಎಲ್ಲರೂ ನನ್ನತ್ತ ತಿರುಗಿದರು. ಪುಸ್ತಕ ನನ್ನ ಕೈಯಲ್ಲೇ ಇತ್ತು. ತಪ್ಪು ನನ್ನದು, ಇವರಿಗೆ ಸುಳ್ಳು ಹೇಳಿಕೊಟ್ಟವನು ನಾನು, ಎಂದರೆ ಮುಗಿಯುತ್ತಿತ್ತು. ಬಾಯಿಂದ ಬಂದದ್ದು ಇಷ್ಟೇ: "ಇಲ್ಲ... ಇಲ್ಲಿ ಅಂಥದ್ದೇನೂ ಇಲ್ಲ."

"ಇಂಗ್ಲಿಷ್ ಬರದೆ ಈ ಆಟ ಸ್ವಲ್ಪ ಕಷ್ಟ ಕಣ್ರೀ" ಎಂದು ಯಾರೋ ನಕ್ಕರು. ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಯಜಮಾನರು ನನ್ನ ಮುಖವನ್ನೇ ನೋಡಿದರು. ಒಂದು ಕ್ಷಣ. ಅವರಿಗೆ ಅರ್ಥವಾದದ್ದು ನನಗೆ ಗೊತ್ತಾಯಿತು. ಆಮೇಲೆ ಇಂಜಿನಿಯರ ಕಡೆ ತಿರುಗಿ, "ನಾನೇ ತಪ್ಪು ಬರ್ಕೊಬುಟ್ಟಿದ್ದೆ ಅಂತ ಕಾಣ್ತದೆ ಸಾ. ನೀವು ಆಡಿ" ಎಂದರು. ನೋಟ್‌ಬುಕ್ ಮುಚ್ಚಿ ಕವರಿಗೆ ಹಾಕಿದರು. ಆಟ ಸೋತರು.

ಆಟೋದಲ್ಲಿ ವಾಪಸು ಬಂದೆವು. ಅಂಗಡಿಯ ಮುಂದೆ ಇಳಿದ ಮೇಲೆ, ನನ್ನನ್ನು ನೋಡದೆ ಹೇಳಿದರು: "ಸೋತಿದ್ದಕ್ಕಲ್ಲ ಮೇಷ್ಟ್ರೇ... ಪುಸ್ತಕದ ಮೇಲೆ ಬೆರಳಿಟ್ಟು ಹೇಳ್ಬುಟ್ರಲ್ಲ."

ನಾನು ಏನಾದರೂ ಹೇಳಬಹುದಿತ್ತು. "ನಾಳೆ ಕಾಲೇಜಿದೆ" ಎಂದು ಬಂದುಬಿಟ್ಟೆ. ಎಂಥ ಮಾತು!

ಮುಂದಿನ ಭಾನುವಾರ ಷಟರ್ ಪೂರ್ತಿ ಎಳೆದಿತ್ತು. ಆಮೇಲೆ ಬೈಂಡಿಂಗಿನ ನೆಪ ಮಾಡಿಕೊಂಡು ಎರಡು ಮೂರು ಸಲ ಹೋದೆ. "ಬನ್ನಿ ಮೇಷ್ಟ್ರೇ, ಕೂತ್ಕೊಳಿ" ಎಂದು ಅದೇ ಮರ್ಯಾದೆ, ಅದೇ ಟೀ. ಆಟದ ಸುದ್ದಿ ಮಾತ್ರ ಇಲ್ಲ. ಕ್ಷಮೆ ಕೇಳಲು ಪ್ರತಿ ಸಲವೂ ಬಾಯಿ ತೆರೆದೆ, ಪ್ರತಿ ಸಲವೂ ಅಂಗಡಿಗೆ ಯಾರೋ ಬಂದರು, ಅಥವಾ ಯಾರೋ ಬಂದರು ಎಂದು ನಾನೇ ಅಂದುಕೊಂಡೆ. ಮರುವರ್ಷ ನನ್ನ ಮದುವೆಯಾಯಿತು, ಮನೆ ಬದಲಾಯಿತು, ಆ ಕಡೆ ಹೋಗುವುದು ತಪ್ಪಿತು. ಒಂದು ದಿನ ರದ್ದಿ ಅಂಗಡಿಯವರು ಸಿಕ್ಕಿ, "ಬೈಂಡಿಂಗ್‌ನೋರು ಓಗ್ಬುಟ್ರಲ್ಲ ಸಾ, ಎದೆನೋವು ಅಂತ ಕೂತೋರು ಏಳ್ಲೇ ಇಲ್ಲ" ಎಂದರು. ಆಗಲೇ ಮೂರು ತಿಂಗಳಾಗಿತ್ತಂತೆ. ಅವರು ಬರೆದಿಟ್ಟ ನೋಟ್‌ಬುಕ್ ಏನಾಯಿತೋ ಗೊತ್ತಿಲ್ಲ. ಈಗ ಆ ಜಾಗದಲ್ಲಿ ಮೊಬೈಲ್ ಕವರಿನ ಅಂಗಡಿಯಿದೆ.

ಮೊನ್ನೆ ಲೈಬ್ರರಿಯಿಂದ ಮನೆಗೆ ಬಂದವನು ಬೀರುವಿನಿಂದ ಡಬ್ಬ ತೆಗೆದೆ. ಯಜಮಾನರು ಮಾಡಿದ ಹದಿನೇಳು ಕಾಯಿಗಳು ಇನ್ನೂ ಗಟ್ಟಿಯಾಗಿವೆ. ಕಂಪನಿಯವು ಸಿಪ್ಪೆ ಏಳುತ್ತಿವೆ. "ಮತ್ತೆ ಅದನ್ನ ತೆಗೆದ್ರಾ? ಆಡೋದಂತೂ ಇಲ್ಲ" ಎಂದಳು ಹೆಂಡತಿ. ಆಡಿಲ್ಲ, ನಿಜ. ಆ ಭಾನುವಾರದ ನಂತರ ಯಾರ ಜೊತೆಗೂ ಒಂದು ಸರದಿಯೂ ಆಡಿಲ್ಲ.

ಕೆಂಪು ಹೊದಿಕೆಯ ಪುಸ್ತಕವನ್ನು ಮೇಜಿನ ಮೇಲೆ ಸುಮ್ಮನೆ ಬಿಟ್ಟೆ. ಅದು ತಾನಾಗಿ ಮೂವತ್ತೊಂದನೆಯ ಪುಟಕ್ಕೆ ಬಿಚ್ಚಿಕೊಂಡಿತು. ಇಷ್ಟು ವರ್ಷ ಅದನ್ನು ಬಿಚ್ಚಿದವನು ನಾನೊಬ್ಬನೇ.