ಬಾಣಂತಿ ಜ್ವರದ ಮನೆಗಳಿಗೆ ಹೋಗುವ ಗೋಪಮ್ಮ

ರಾಯಚೂರಿನ ಬೇಸಿಗೆಯಲ್ಲಿ ಬೆಳಕು ಹರಿಯುವ ಹೊತ್ತಿಗೇ ಗೋಡೆಗಳು ಬೆಚ್ಚಗಾಗುತ್ತವೆ. ಹಳೆಯ ಬಡಾವಣೆಯ ಹೆರಿಗೆ ಆಸ್ಪತ್ರೆಯೊಂದರ ಹಿತ್ತಲಲ್ಲಿ ಗೋಪಮ್ಮ ಆಗಲೇ ಸೀಮೆಎಣ್ಣೆ ಸ್ಟವ್ ಹೊತ್ತಿಸಿ ಕತ್ತರಿ, ಇಕ್ಕಳಗಳನ್ನು ಕುದಿಯಲು ಹಾಕಿದ್ದಾರೆ. ಮೊದಲ ಬಸ್ಸಿಗೆ ಬಂದ ಹೆಂಗಸರು ಮುಂದಿನ ಜಗಲಿಯಲ್ಲಿ ಕೂತಿದ್ದಾರೆ. ಹೆಚ್ಚಿನವರು ಮಕ್ಕಳಾಗಲಿಲ್ಲವೆಂದು ಬಂದವರು. ಜೊತೆಗೆ ಬಂದ ಅತ್ತೆಯೇ ಮಾತಾಡುತ್ತಾಳೆ, ಸೊಸೆ ನೆಲ ನೋಡುತ್ತಾಳೆ.

ಗೋಪಮ್ಮ ಕೈ ಒರೆಸಿಕೊಂಡು ಬಂದು ಸೊಸೆಯ ಪಕ್ಕದಲ್ಲೇ ಕೂರುತ್ತಾರೆ.

“ಮೊದಲ ಏನಾರ ಹಡದಿದ್ದೇನವ್ವಾ? ಇಲ್ಲಾ ಬಸಿರು ಇಳದಿತ್ತಾ? ಆಮ್ಯಾಲ ಜ್ವರ ಬಂದಿತ್ತಾ?”

ಆಕೆ ತಲೆಯಾಡಿಸುತ್ತಾಳೆ. ಜ್ವರ ಬಂದಿತ್ತು. ಗೋಪಮ್ಮ ಮತ್ತೇನೂ ಕೇಳದೆ ಅವಳ ಬೆನ್ನ ಮೇಲೆ ಕೈಯಿಡುತ್ತಾರೆ.

ಇಲ್ಲಿ ಆಯಾ ಆಗಿರುವ ಗೋಪಮ್ಮನ ತವರು ದೇವದುರ್ಗದ ಹತ್ತಿರದ ಹಳ್ಳಿ. ಎಪ್ಪತ್ತೆರಡರಲ್ಲಿ ಮಾನ್ವಿ ತಾಲೂಕಿನ ಕಲ್ಲೂರಿನ ಪಕೀರಪ್ಪನಿಗೆ ಕೊಟ್ಟು ಮದುವೆಯಾಯಿತು. ಮರುವರ್ಷ ಮನೆಯಲ್ಲೇ ಹೆರಿಗೆ. ಹೆಣ್ಣು ಮಗು ಹುಟ್ಟಿತು, ಮಾಸು ಬೀಳಲಿಲ್ಲ. ಊರಿನ ಎಷ್ಟೋ ಹೆರಿಗೆ ಮಾಡಿಸಿದ್ದ ಅತ್ತೆ ದನದ ಕೊಟ್ಟಿಗೆಯಿಂದ ಓಡಿಬಂದವರೇ ಒಳಗೆ ಕೈ ಹಾಕಿ ಅದನ್ನು ಎಳೆದು ತೆಗೆದರು.

“ನನ್ನ ಜೀವ ಉಳಿಸಾಕಂತನ ತಗದ್ರು. ಸುಳ್ಳು ಯಾಕ ಹೇಳ್ಲಿ?” ಎನ್ನುತ್ತಾರೆ ಗೋಪಮ್ಮ. “ಆದ್ರ ಆಮ್ಯಾಲ ಮೈಯೆಲ್ಲಾ ಸುಟ್ಟು ಹೋಗೋಹಂಗ ಜ್ವರ. ಕಿಬ್ಬೊಟ್ಟಿ ಮುಟ್ಟಿಸಿಗೊಳ್ಳಾಕ ಆಗ್ತಿದ್ದಿಲ್ಲ. ಗಾಳಿ ಸೋಕ್ಯಾದ ಅಂತ ಬೇವಿನಸೊಪ್ಪು ಕಟ್ಟಿದ್ರು.”

ಕೂಸು ವಾರದೊಳಗೆ ತೀರಿಕೊಂಡಿತು. ಜ್ವರ ತಾನಾಗಿಯೇ ಇಳಿಯಿತು. ಮತ್ತೆ ಬಸಿರು ನಿಲ್ಲಲಿಲ್ಲ. ಹಡೆದು ಕಳೆದುಕೊಂಡಿದ್ದವಳನ್ನು ಊರು ಮೆಲ್ಲಗೆ ಬಂಜೆ ಎನ್ನತೊಡಗಿತು. ನಾಲ್ಕನೆಯ ವರ್ಷ ಪಕೀರಪ್ಪ ಮಾನಮ್ಮ ಎಂಬ ಹುಡುಗಿಯನ್ನು ಎರಡನೆಯ ಹೆಂಡತಿಯಾಗಿ ತಂದರು. ಗೋಪಮ್ಮ ಒಂದು ಚೀಲದಲ್ಲಿ ಸೀರೆ ತುಂಬಿಕೊಂಡು ರಾಯಚೂರಿನ ಬಸ್ ಹತ್ತಿದರು.

ಕೆಲಸ ಕೊಟ್ಟ ಡಾಕ್ಟರ್ ವಿಜಯಾಬಾಯಿಯವರೇ ಒಂದು ದಿನ ಅವರನ್ನು ಪರೀಕ್ಷೆ ಮಾಡಿದರು. ಗರ್ಭಕೋಶಕ್ಕೆ ಔಷಧ ಬಿಟ್ಟು ಎಕ್ಸ್‌ರೇ ತೆಗೆಸಿದಾಗ ಎರಡೂ ಗರ್ಭನಾಳಗಳು ಮುಚ್ಚಿಹೋಗಿದ್ದುದು ಕಂಡಿತು. “ಹೆರಿಗೆಯಾದ ಗರ್ಭಕೋಶದ ಒಳಮೈ ಹಸಿ ಗಾಯ ಇದ್ದಹಂಗ ಇರ್ತದ” ಎಂದು ವಿಜಯಾಬಾಯಿ, ಗೋಪಮ್ಮನ ಬಗ್ಗೆ ಬರೆಯಲು ಬಂದ ನನಗೆ ವಿವರಿಸುತ್ತಾರೆ. “ತೊಳಿಯದ ಕೈಯಿಂದ ರೋಗಾಣು ಅಲ್ಲಿಗೆ ಹೋದ್ರ ನಂಜಾಗ್ತದ, ಉರಿಯೂತ ನಾಳದ ತನಕ ಹಬ್ಬತದ. ಜ್ವರ ಬಿಟ್ಟ ಮ್ಯಾಲೂ ನಾಳ ಒಳಗೇ ಅಂಟಿಗೊಂಡು ಉಳೀತಾವ. ಮೊದಲ ದಿನಾನೇ ಔಷಧ ಬಿದ್ದಿದ್ರ ಗೋಪಮ್ಮನ ಕಥಿ ಬ್ಯಾರೆ ಇರ್ತಿತ್ತು.”

ಆ ದಿನ ಗೋಪಮ್ಮ ಅಳಲಿಲ್ಲವಂತೆ. “ಇಷ್ಟೇ ಏನು ಅನಿಸ್ತ್ರಿ. ಇಷ್ಟಕ್ಕ ನಾ ಅಷ್ಟು ದೇವರಿಗೆ ತಪ್ಪಾಯ್ತು ಅಂದೆನಲ್ಲ ಅನಿಸ್ತು.”

ಎಂಬತ್ತೊಂದರಲ್ಲಿ ಮಗಳನ್ನು ತೋರಿಸಲು ಬಂದಿದ್ದ ಕಲ್ಲೂರಿನ ದಸ್ತಗೀರ್ ಸಾಬ್ ಒಂದು ಸುದ್ದಿ ಹೇಳಿದರು. ಮಾನಮ್ಮ ಹೆಣ್ಣು ಹಡೆದಿದ್ದಾಳೆ, ಮೈ ಕೆಂಡದಂತೆ ಸುಡುತ್ತಿದೆ, ಅತ್ತೆ ಬೇವಿನಸೊಪ್ಪು ಕಟ್ಟಿದ್ದಾಳೆ. ಗೋಪಮ್ಮ ಡಾಕ್ಟರಿಗೆ ಹೇಳಿ, ಬಿಟ್ಟುಬಂದ ಮನೆಯತ್ತ ಹೊರಟರು. ಬಾಗಿಲಲ್ಲೇ ನೆರೆಯವರು ತಡೆದರು. ಮಕ್ಕಳಿಲ್ಲದವಳು ಬಾಣಂತಿಯ ಕೋಣೆಗೆ ಹೋಗಬಾರದು.

“ಇದೂ ಗಾಳಿ ಅಲ್ಲ, ನಂದೂ ಗಾಳಿ ಇದ್ದಿದ್ದಿಲ್ಲ ಯವ್ವಾ” ಎಂದು ಅಂಗಳದಲ್ಲೇ ನಿಂತು ಅತ್ತೆಗೆ ಹೇಳಿದರು. “ಈಕಿಗೂ ಒಳಗ ಕೈ ಹಾಕಿ ತಗದಿಯೇನು?”

ಅತ್ತೆ ತಮ್ಮ ಕೈ ನೋಡಿಕೊಂಡರು. “ನನ್ನ ಕೈಯಿಂದನ?”

“ನಿನಗ ತಿಳದಿದ್ದಿಲ್ಲ. ನಂಗೂ ತಿಳದಿದ್ದಿಲ್ಲ. ಈಗ ಬಿಡು, ಒಯ್ಯಾಕ ಬಿಡು.”

ದಸ್ತಗೀರ್ ಸಾಬರೇ ಗಾಡಿ ತಂದರು. ಆಸ್ಪತ್ರೆಯಲ್ಲಿ ಮಾನಮ್ಮನ ತಲೆಯ ಬಳಿ ಕೂತು ಇಂಜೆಕ್ಷನ್ನಿನ ಹೊತ್ತು ಕಾದವರು, ಕೂಸಿಗೆ ತಾಯಿಯ ಹಾಲು ಹಿಂಡಿ ಕುಡಿಸಿದವರು ಗೋಪಮ್ಮ. ತಾಯಿ ಮಗು ಇಬ್ಬರೂ ಉಳಿದರು. ಆದರೆ ತಂದದ್ದು ತಡವಾಗಿತ್ತು. ಮಾನಮ್ಮನೂ ಮತ್ತೆ ಬಸಿರಾಗಲಿಲ್ಲ.

“ಎರಡು ದಿನ ಮೊದಲ ಗೊತ್ತಾಗಿದ್ರ...” ಎಂದು ಗೋಪಮ್ಮ ನಿಲ್ಲಿಸುತ್ತಾರೆ. ನಾನು ಬಂದಾಗಿನಿಂದ ಈ ಮಾತು ಹಲವು ಸಲ ಬಂದಿದೆ, ಒಮ್ಮೆಯೂ ಪೂರ್ತಿಯಾಗಿಲ್ಲ.

ಗಂಡು ಬೇಕೆಂದು ಮನೆಯಲ್ಲಿ ಮೂರನೆಯ ಮದುವೆಯ ಮಾತೆದ್ದಾಗ ಪಕೀರಪ್ಪ ಮಾನಮ್ಮನನ್ನು ತೋರಿಸುವ ನೆಪದಲ್ಲಿ ಆಸ್ಪತ್ರೆಗೆ ಬಂದಿದ್ದರು. ಗೋಪಮ್ಮ ಚಹಾ ತಂದುಕೊಟ್ಟು ಹೇಳಿದರು: “ನಮಗಿಬ್ಬರಿಗೂ ರೋಗ ಹತ್ತಿದ್ದು ನಿಮ್ಮ ಮನ್ಯಾಗ. ತವರಿಂದ ತಂದಿದ್ದಿಲ್ಲ.” ಪಕೀರಪ್ಪ ಚಹಾ ಕುಡಿದು ಎದ್ದುಹೋದರು. ಮದುವೆಯ ಮಾತು ಅಲ್ಲಿಗೇ ನಿಂತಿತು. ತಪ್ಪಾಯಿತೆಂದು ಅವರು ಗೋಪಮ್ಮನಿಗೆ ಇಂದಿಗೂ ಹೇಳಿಲ್ಲ.

ಅತ್ತೆ ಆಮೇಲೆ ಯಾರ ಹೆರಿಗೆಗೂ ಹೋಗಲಿಲ್ಲ. ಕರೆಯಲು ಬಂದವರ ಎದುರು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುತ್ತಿದ್ದರಂತೆ. ಹೋದ ವರ್ಷ ತೀರಿಕೊಂಡರು. “ಮಂದಿ ಮುಂದ ಹಂಗ ಕೇಳಬಾರದಿತ್ತು. ಒಳಗ ಕರದು ಹೇಳಬೇಕಿತ್ತು” ಎನ್ನುತ್ತಾರೆ ಗೋಪಮ್ಮ.

ಈಗ ರಜೆ ಸಿಕ್ಕಾಗ ಅವರು ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಗೆ ಹೋಗಿ ಸೂಲಗಿತ್ತಿಯರ ಜೊತೆ ಕೂತು ಮಾತಾಡುತ್ತಾರೆ. ಜ್ವರ ಬಂದ ಬಾಣಂತಿ ಇದ್ದರೆ ಅಂದೇ ಕರೆತರುತ್ತಾರೆ. ಕೆಲವು ಮನೆಗಳವರು ಇಂದಿಗೂ ಹೊಸ್ತಿಲಾಚೆಯೇ ನಿಲ್ಲಿಸುತ್ತಾರೆ.

ನಿಮಗೇನು ಬೇಕೆಂದು ಕೇಳಿದೆ. ಏನೂ ಬೇಡವೆಂದರು. ಸ್ಟವ್ ಆರಿಸುತ್ತ ತಾವೇ ಮಾತು ತೆಗೆದರು.

“ನನ್ನ ಕೂಸಿಗೆ ಹೆಸರಿಡೋದು ಆಗಲಿಲ್ಲ. ಮಕ್ಕಳೆಷ್ಟು ಅಂತ ಯಾರಾರ ಕೇಳಿದ್ರ ಮೊದಲ ಇಲ್ಲ ಅಂತಿದ್ದೆ. ಈಗ ಒಬ್ಬಾಕಿ ಅಂತೀನ್ರಿ. ನೀವೂ ಹಂಗ ಬರೀರಿ.”