ದಿನಕ್ಕೊಂದು ಕಾಯಿಲೆಯ ಗಾಡಿ

ವಿಜಯವಾಡದ ಭವಾನಿಪುರಂನ ಆ ಬೀದಿಯಲ್ಲಿ ಕರೆಂಟು ಗಾಡಿ ಕೆಟ್ಟರೆ ಯಾರೂ ಶೋರೂಮಿಗೆ ಹೋಗುವುದಿಲ್ಲ. ಶೋರೂಮಿನವರು ಗಾಡಿಯನ್ನು ಒಳಗೆ ತಳ್ಳಿಸಿಕೊಂಡರೆಂದರೆ ಮುಗಿಯಿತು, ಮಗಳನ್ನು ಮದುವೆ ಮಾಡಿ ಕಳಿಸಿದ ಹಾಗೆ. ಆಮೇಲೆ ಹೋಗಿ ನೋಡಿಕೊಂಡು ಬರಬಹುದು, ಅಷ್ಟೇ. ಅದಕ್ಕೇ ಎಲ್ಲರೂ ಮಧುರಳ ಮನೆ ಬಾಗಿಲಿಗೆ ತಳ್ಳಿಕೊಂಡು ಬರುತ್ತಾರೆ. ಅವಳು ಸೀಟು ಎತ್ತಿ, ಮೀಟರಿನ ಎರಡು ಮುಳ್ಳನ್ನು ಅಲ್ಲಿ ಇಲ್ಲಿ ಊರಿ, ಕಾಯಿಲೆ ಇಂಥದ್ದು ಅನ್ನುತ್ತಾಳೆ. ಎಲ್ಲಿ ಕಲಿತೆಯಮ್ಮಾ ಈ ವಿದ್ಯೆ ಎಂದು ಯಾರಾದರೂ ಕೇಳಿದರೆ, "ಮನೆಯಲ್ಲೇ" ಅನ್ನುತ್ತಾಳೆ. ಗಂಡ ರಾಮ್‌ಪ್ರಸಾದ್ ಪಕ್ಕದಲ್ಲೇ ನಿಂತು ಹೆಮ್ಮೆಯಿಂದ ನಗುತ್ತಾನೆ. ನಗಲಿ ಬಿಡಿ. ಅವಳ ವಿದ್ಯಾಭ್ಯಾಸಕ್ಕೆ ಆ ಪುಣ್ಯಾತ್ಮ ಪಟ್ಟ ಶ್ರಮ ಸಣ್ಣದಲ್ಲ.

ಮಧುರಾ ಹುಟ್ಟಿ ಬೆಳೆದದ್ದು ವಿಶಾಖಪಟ್ಟಣದಲ್ಲಿ, ಅಂದರೆ ವೈಜಾಗಿನಲ್ಲಿ. ಅಪ್ಪ ಕೇಶವಮೂರ್ತಿ ಪಾಂಡವಪುರದ ಕಡೆಯವರು. ವೈಜಾಗಿನ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ಸರ್ವೀಸೆಲ್ಲ ಕಳೆದು, ರಿಟೈರಾಗಿ, ಅಲ್ಲೇ ಉಳಿದುಬಿಟ್ಟವರು. ಮಗಳು ಕಾಲೇಜಿನಲ್ಲಿರುವಾಗಲೇ ಹೆಂಡತಿ ತೀರಿಕೊಂಡರು. ಮಗಳು ಲ್ಯಾಬ್ ಟೆಕ್ನಿಷಿಯನ್ ಓದಿದಳು. ವಿಜಯವಾಡದ ಒನ್ ಟೌನಿನಲ್ಲಿ ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿ ಇಟ್ಟಿದ್ದ ರಾಮ್‌ಪ್ರಸಾದನ ಜೊತೆ ಮದುವೆಯಾಯಿತು. ಗಂಡ, ಅತ್ತೆ, ಬೀದಿ, ತರಕಾರಿಯವಳು, ಎಲ್ಲರೂ ತೆಲುಗಿನವರೇ. ಅವಳ ಪಾಲಿಗೆ ಕನ್ನಡ ಅಂದರೆ ಅಪ್ಪನ ಫೋನು, ಅಷ್ಟೇ ಉಳಿದಿತ್ತು. ಆ ಫೋನಿನಲ್ಲಾದರೂ ಏನಿತ್ತು ಮಣ್ಣು? "ಊಟ ಆಯ್ತಾ?" "ಆಯ್ತಪ್ಪ." "ಬಿಸ್ಲು?" "ಜಾಸ್ತಿ." ಮಗಳ ಹತ್ತಿರ ಏನು ಮಾತಾಡಬೇಕೆಂದು ತಿಳಿಯದ ಗಂಡಸರು ಬಿಸಿಲು ಮಳೆ ಕೇಳಿ ಫೋನ್ ಇಟ್ಟುಬಿಡುತ್ತಾರೆ.

ಮದುವೆಯಾದ ಮೇಲೆ ಅವಳು ಬೆಂಜ್ ಸರ್ಕಲ್ ಹತ್ತಿರದ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಬೆಳಕು ಹರಿಯುವ ಮೊದಲೇ ಹೊರಟು, ಮನೆಮನೆಗೆ ಹೋಗಿ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟು ತರಬೇಕು. ಅದಕ್ಕೆಂದೇ ತನ್ನ ಸಂಬಳದಲ್ಲಿ ಕರೆಂಟು ಸ್ಕೂಟರ್ ಕೊಂಡಳು. ಕೃಷ್ಣೆಯ ಕಡೆಯಿಂದ ಬರುವ ತಣ್ಣನೆ ಗಾಳಿಗೆ ಮುಖ ಒಡ್ಡಿಕೊಂಡು, ಸದ್ದಿಲ್ಲದ ಗಾಡಿಯಲ್ಲಿ ಹೋಗುವಾಗ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಮುದುಕರು ಗೇಟಿನಲ್ಲೇ ಕಾಯುತ್ತಿದ್ದರು. ನೋವಾಗದ ಹಾಗೆ ಸೂಜಿ ಚುಚ್ಚುವ ಹುಡುಗಿ ಎಂದು ಅವಳನ್ನೇ ಕಳಿಸಿ ಅನ್ನುತ್ತಿದ್ದರು. ಆ ಬೆಳಗುಗಳು ಕೈತಪ್ಪಿದರೆ ತನ್ನದು ಅಂತ ಏನೂ ಉಳಿಯುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆ ಕೋಟೇಶ್ವರಮ್ಮನಿಗೆ ಇದು ಕಣ್ಣಲ್ಲಿ ಕಸ. "ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಸೊಸೆ ಕಂಡವರ ಗಂಡಂದಿರ ತೋಳು ಹಿಡಿದುಕೊಂಡು ಕೂತಿರುತ್ತಾಳೆ. ನಾಲ್ಕು ಜನ ಏನಂದುಕೊಳ್ಳೋದಿಲ್ಲ?" ಎಂದು ನಾಲ್ಕು ಜನಕ್ಕೂ ಕೇಳುವ ಹಾಗೆಯೇ ಹೇಳುತ್ತಿದ್ದಳು. ರಾಮ್‌ಪ್ರಸಾದ್ ಮಾತ್ರ ಒಂದು ದಿನವೂ ಬೇಡ ಅನ್ನಲಿಲ್ಲ. "ನಿನ್ನ ಇಷ್ಟ ಮಧೂ" ಅನ್ನುತ್ತಿದ್ದ. ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಹುಟ್ಟಿದ ಗಂಡಸು.

ಹೀಗಿರುವಾಗ ಗಾಡಿಗೆ ಕಾಯಿಲೆ ಶುರುವಾಯಿತು.

ಮೊದಲ ಸಲ ಕೀ ತಿರುಗಿಸಿದರೆ ದೀಪವೇ ಇಲ್ಲ, ಹೆಣದ ಹಾಗೆ ನಿಂತಿದೆ. ಆಚೆ ವಿದ್ಯಾಧರಪುರಂನಲ್ಲಿ ಸಕ್ಕರೆ ಕಾಯಿಲೆಯ ಮುದುಕರು ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದಾರೆ. ಮಧುರಳಿಗೆ ಅಳು ಬಂತು. ಅಪ್ಪನಿಗೆ ಫೋನ್ ಮಾಡಿದಳು.

"ಅಳ್ಬ್ಯಾಡ ಕನವ್ವ, ಗಾಡಿ ಎಲ್ಲೂ ಓಡೋಗಿಲ್ಲ," ಅಂದರು ಕೇಶವಮೂರ್ತಿ. "ಮೊದ್ಲು ಕರೆಂಟು ಬತ್ತಾ ಐತಾ ನೋಡ್ಬೇಕು, ಆಮೇಕೆ ಮಿಕ್ಕಿದ್ದು. ಸೀಟು ಎತ್ತು. ಕರೀ ಸ್ವಿಚ್ಚೈತಲ್ಲ, ಮನೇಲಿರೋ ಟ್ರಿಪ್ ಸ್ವಿಚ್ಚಿನಂಗೆ? ಕೆಳಗೈತಾ, ಮೇಲಕ್ಕೈತಾ?"

"ಕೆಳಗಿದೆ ಅಪ್ಪ."

"ಎತ್ತು ಮೇಲಕ್ಕೆ."

ಎತ್ತಿದಳು. ಗಾಡಿಗೆ ಜೀವ ಬಂತು. ಅವಳಿಗಂತೂ ಹೋದ ಜೀವ ಬಂದಂತಾಯಿತು.

ಮುಂದಿನ ವಾರ ಇನ್ನೊಂದು. ದೀಪ ಬರುತ್ತದೆ, ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಕದಲುವುದಿಲ್ಲ. "ಹಿಂದ್ಗಡೆ ಬ್ರೇಕ್ ಲೈಟು ಸುಮ್ಸುಮ್ನೆ ಉರೀತಾ ಐತಾ ನೋಡು," ಅಂದರು ಅಪ್ಪ. ಉರಿಯುತ್ತಿತ್ತು. ಬ್ರೇಕ್ ಹಿಡಿಯ ಬುಡದಲ್ಲಿ ಒಂದು ಚಿಕ್ಕ ಸ್ವಿಚ್ಚಿರುತ್ತದಂತೆ; ಅದು ಒತ್ತಿಕೊಂಡೇ ಇದ್ದರೆ ಬ್ರೇಕ್ ಹಿಡಿದಿದ್ದಾರೆ ಅಂದುಕೊಂಡು ಮೋಟಾರು ಓಡುವುದಿಲ್ಲವಂತೆ. ಬಿಚ್ಚಿ ನೋಡಿದರೆ ಅಲ್ಲಿ ಕಸ ಸಿಕ್ಕಿಕೊಂಡಿತ್ತು. ಆಮೇಲೊಮ್ಮೆ ಸೈಡ್ ಸ್ಟ್ಯಾಂಡಿನ ವೈರು ಕಳಚಿತ್ತು. ಇನ್ನೊಮ್ಮೆ ರಾತ್ರಿಯೆಲ್ಲ ಚಾರ್ಜಿಗಿಟ್ಟ ಗಾಡಿ ಬೆಳಗ್ಗೆ ಖಾಲಿ: ಚಾರ್ಜರಿನ ಹಸಿರು ದೀಪ ಉರಿಯುತ್ತಲೇ ಇದೆ, ಬ್ಯಾಟರಿಗೆ ಹೋಗುವ ದಾರಿಯಲ್ಲಿ ಫ್ಯೂಸೇ ಇಲ್ಲ. ಅಪ್ಪ ವೈಜಾಗಿನಿಂದ ಬಸ್ಸಿನ ಪಾರ್ಸಲ್ಲಿನಲ್ಲಿ ಮೀಟರು ಕಳಿಸಿಕೊಟ್ಟರು. ಮುಳ್ಳು ಎಲ್ಲಿ ಊರಬೇಕು, ಎಷ್ಟು ವೋಲ್ಟು ಬರಬೇಕು, ಬರದಿದ್ದರೆ ಹಿಂದಕ್ಕೆ ಹೇಗೆ ಬರಬೇಕು, ಎಲ್ಲ ಫೋನಿನಲ್ಲೇ ಪಾಠ. "ಬ್ಯಾಟ್ರಿ ಡಬ್ಬ ಮಾತ್ರ ಬಿಚ್ಚಬ್ಯಾಡ ಕನವ್ವ, ಅದು ಮನೇಲಿ ಮಾಡೋ ಕೆಲ್ಸ ಅಲ್ಲ," ಎಂದು ಪ್ರತಿ ಸಲ ಎಚ್ಚರಿಕೆ.

ಗಾಡಿ ಕೆಟ್ಟಷ್ಟೂ ಅಪ್ಪ ಮಗಳು ಹತ್ತಿರವಾದರು. ಬಿಸಿಲು ಮಳೆಯ ಮಾತು ಹೋಗಿ ಗಂಟೆಗಟ್ಟಲೆ ಮಾತು ಬಂತು. ಅಪ್ಪ ಕಾರ್ಖಾನೆಯ ಕಥೆ ಹೇಳಿದರು. ಅಮ್ಮನ ಕಥೆಯನ್ನೂ ಹೇಳಿದರು, ಜೀವಮಾನದಲ್ಲಿ ಮೊದಲ ಸಲ. ಸಂಜೆ ಅವಳು ಅದನ್ನೆಲ್ಲ ಗಂಡನಿಗೆ ವರ್ಣಿಸುತ್ತಿದ್ದಳು: ಈ ಸಲ ತೊಂದರೆ ಎಲ್ಲಿತ್ತು, ಹೇಗೆ ಹಿಡಿದೆ. ಅವನು ಟೀ ಹಿಡಿದುಕೊಂಡು ಕಿವಿಗೊಟ್ಟು ಕೇಳುತ್ತಿದ್ದ. "ಅಬ್ಬಾ, ನೀನು ಡಾಕ್ಟರಮ್ಮನೇ ಬಿಡು," ಅನ್ನುತ್ತಿದ್ದ. ಪೆದ್ದಿ! ಕಳ್ಳನಿಗೆ ಬೀಗದ ಗುಟ್ಟು ಹೇಳುತ್ತಾ ಕೂತಿದ್ದಳು.

ಎದುರು ಮನೆಯ ಗಂಗಾಭವಾನಿಯದ್ದೂ ಅದೇ ಗಾಡಿ. ಅದಕ್ಕೆ ಒಂದು ಕೆಮ್ಮೂ ಇಲ್ಲ. ಅನುಮಾನ ಬರಬೇಕಿತ್ತು, ಬಂತು ಕೂಡ. ಆದರೆ ಅವಳ ಅನುಮಾನ ಅತ್ತೆಯ ಮೇಲೆ ಹೋಯಿತು. ಶುಕ್ರವಾರ ಶುಕ್ರವಾರ ಗಾಡಿಗೆ ಬಿಂದಿಗೆ ಬಿಂದಿಗೆ ನೀರು ಸುರಿದು ಅರಿಶಿನ ಕುಂಕುಮ ಇಡುತ್ತಿದ್ದಳಲ್ಲ, ಅದರಿಂದಲೇ ವೈರುಗಳಿಗೆ ನೀರು ಇಳಿಯುತ್ತಿದೆ ಎಂದುಕೊಂಡಳು. ಅಪ್ಪನನ್ನು ಕೇಳಿದಳು. "ಇದ್ರೂ ಇರ್ಬೋದು ಕನವ್ವ, ನೀರು ಬಲೇ ಕೆಟ್ಟದ್ದು," ಅಂದರು.

ಲ್ಯಾಬಿನ ಮ್ಯಾನೇಜರ್ ಹಾರಿಕಾ ಒಳ್ಳೆಯವಳೇ, ಆದರೆ ಅವಳ ಮೇಲೂ ಒಬ್ಬ ಮಾಲೀಕ ಇದ್ದ. "ಮಧುರಾ, ಗಾಡಿಯ ಕಥೆ ನನಗೆ ಬೇಡ. ಖಾಲಿ ಹೊಟ್ಟೆಯವರು ಬೈಯುವುದು ನನ್ನನ್ನು. ಇನ್ನೊಂದು ಬೆಳಗ್ಗೆ ತಪ್ಪಿದರೆ ನಿನ್ನ ಜಾಗಕ್ಕೆ ಬೇರೆ ಹುಡುಗಿ," ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಮಧುರಾ ಅದನ್ನೂ ಮನೆಗೆ ಬಂದು ಗಂಡನಿಗೆ ಹೇಳಿದಳು. ಅಪ್ಪನಿಗೂ ಹೇಳಿದಳು.

ಆ ವಾರವೇ ಗಾಡಿ ಮತ್ತೆ ನಿಂತಿತು.

ಈ ಸಲ ಅವಳು ಅಳಲಿಲ್ಲ. ಟ್ರಿಪ್ ಸ್ವಿಚ್ಚು ನೋಡಿದಳು, ಸರಿಯಿದೆ. ಬ್ರೇಕ್ ಲೈಟು, ಸ್ಟ್ಯಾಂಡು, ಫ್ಯೂಸು, ಆಕ್ಸಿಲರೇಟರಿನ ವೈರು, ಒಂದೊಂದಾಗಿ ಎಲ್ಲ ನೋಡಿದಳು. ಎಲ್ಲ ಜೋಡಣೆಗಳೂ ಗಟ್ಟಿಯಾಗಿ ಕೂತಿವೆ. ಬ್ಯಾಟರಿ ತುಂಬಿದೆ. ಗಾಡಿ ಮಾತ್ರ ಮಿಸುಕುವುದಿಲ್ಲ. ಅಪ್ಪನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಆಟೋ ತರಿಸಲು ಗಂಡನ ಫೋನಿನಲ್ಲಿರುವ ಪರಿಚಯದ ಆಟೋದವನ ನಂಬರು ಬೇಕೆಂದು ಒಳಗೆ ಓಡಿದಳು. ರಾಮ್‌ಪ್ರಸಾದ್ ಸ್ನಾನಕ್ಕೆ ಹೋಗಿದ್ದ. ಅವನ ಫೋನು ಟೀವಿಯ ಪಕ್ಕ ಇತ್ತು. ಅವಳು ಕೈಗೆತ್ತಿಕೊಳ್ಳುವಷ್ಟರಲ್ಲಿ ಅದು ಬಡಿದುಕೊಂಡಿತು. ಪರದೆಯ ಮೇಲೆ ಹೆಸರು: ಮಾವಯ್ಯಗಾರು. ಅಂದರೆ ಅವಳ ಅಪ್ಪ.

ತನ್ನ ಫೋನ್ ಸಿಗಲಿಲ್ಲವೇನೋ, ಇದಕ್ಕೆ ಮಾಡಿದ್ದಾರೆ ಎಂದುಕೊಂಡು ಕಿವಿಗಿಟ್ಟಳು. ಅವಳು ಬಾಯಿ ತೆರೆಯುವ ಮೊದಲೇ ಕೇಶವಮೂರ್ತಿ ತೆಲುಗಿನಲ್ಲಿ, ಅಳಿಯನಿಗೆಂದೇ ಇಟ್ಟುಕೊಂಡ ಮರ್ಯಾದೆಯ ದನಿಯಲ್ಲಿ ಮಾತಾಡಿದರು.

"ಏಂ ಅಲ್ಲುಡುಗಾರೂ, ಸಿಕ್ಕಿತಾ ಅವಳಿಗೆ? ನನಗೆ ಎರಡು ಸಲ ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಸಿಗುವುದಿಲ್ಲ ಬಿಡಿ. ಇದನ್ನು ನಾನು ಅವಳಿಗೆ ಕಲಿಸಿಯೇ ಇಲ್ಲ."

ವೈರು ಬಿಚ್ಚುತ್ತಿದ್ದವನು ಗಂಡ ಎಂಬುದನ್ನಾದರೆ ಮಧುರಾ ತಡೆದುಕೊಳ್ಳುತ್ತಿದ್ದಳೋ ಏನೋ. ಮಗುವನ್ನು ಚಿವುಟಿದವರೂ ತೊಟ್ಟಿಲು ತೂಗಿದವರೂ ಒಬ್ಬರೇ ಎಂಬುದನ್ನು ಹೇಗೆ ತಡೆದುಕೊಳ್ಳುವುದು?

"ಅಪ್ಪಾ," ಅಂದಳು.

"ನೀನೇನವ್ವ?" ಕೇಶವಮೂರ್ತಿಯ ಮಾತು ಥಟ್ಟನೆ ಕನ್ನಡಕ್ಕೆ ತಿರುಗಿತು.

"ಅಪ್ಪಾ, ಎಲ್ಲಾ ನೀನೇ ಹೇಳ್ಕೊಟ್ಟಿದ್ದಾ? ಸ್ವಿಚ್ಚು, ಫ್ಯೂಸು, ಎಲ್ಲಾ?"

"ಮಗಾ, ಕೇಳಿಲ್ಲಿ," ಅಂದರು ಕೇಶವಮೂರ್ತಿ. "ಅಳೀಮಯ್ಯ ಫೋನ್ ಮಾಡಿ ಅತ್ಬುಟ್ರು. ಅವ್ರವ್ವ ಊಟ ಬುಟ್ಟು ಕೂತವ್ರೆ, ಅದ್ಕೆ ಗಾಡಿನ ಒಡ್ದಾಕ್ಬುಡ್ತೀನಿ ಅಂದ್ರು. ಒಡ್ಯೋದ್ಕಿಂತ ಒಂದು ವೈರು ಬಿಚ್ಚೋದು ಮೇಲಲ್ವಾ? ಗಾಡಿಗೆ ಏನೂ ಆಗ್ದಂಗೇ ಹೇಳ್ಕೊಟ್ಟಿವ್ನಿ ಕನವ್ವ. ಸರಿ ಮಾಡೋದ ನಿಂಗೂ ಹೇಳ್ಕೊಟ್ನಲ್ಲ?" ದನಿ ಇಳಿಸಿ ಅಂದರು: "ನಿನ್ನ ಫೋನೂ ಬತ್ತಿತ್ತು…"

ಥೂ! ಮಗಳ ಅನ್ನಕ್ಕೆ ಕಲ್ಲು ಹಾಕಿ, ಅವಳು ಅತ್ತು ಫೋನ್ ಮಾಡುವುದನ್ನು ಕಾದುಕೊಂಡು ಕೂತಿದ್ದರಂತೆ ಈ ಮಹಾನುಭಾವರು.

ಮಧುರಾ ಬೈಯಲಿಲ್ಲ. ಅವಳ ತಲೆಯಲ್ಲಿ ಇನ್ನೂ ಆ ಖಾಲಿ ಹೊಟ್ಟೆಯ ಮುದುಕರೇ ಇದ್ದರು. "ಆಯ್ತಪ್ಪ. ಈಗ ಎಲ್ಲಿದೆ ಹೇಳು. ಕೆಲಸ ಹೋಗುತ್ತೆ. ಅಮ್ಮನ ಆಣೆ, ಎಲ್ಲಿದೆ ಹೇಳು."

ಒಂದು ಮಾತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇನ್ನೂ ಹೊತ್ತಿತ್ತು.

"ಇವತ್ತೊಂದಿನ ಬುಟ್ಬುಡವ್ವ," ಅಂದರು ಅಪ್ಪ. "ನಾಳೆಯಿಂದ ಎಲ್ಲಾ ಸರಿ ಹೋಯ್ತದೆ. ಆ ಮನೇಲಿ ಬಾಳ್ಬೇಕಾದೋಳು ನೀನು."

ಆಟೋ ಕರೆಯುವ ಮೊದಲೇ ಹಾರಿಕಾಳ ಫೋನ್ ಬಂತು. ಅವಳೂ ಹೆಚ್ಚು ಮಾತಾಡಲಿಲ್ಲ, ಪಾಪ. ಐಸ್ ಡಬ್ಬಿ ತಂದುಕೊಡು ಅಂದಳು. ಸ್ನಾನ ಮುಗಿಸಿ ಬಂದ ರಾಮ್‌ಪ್ರಸಾದ್ ತಲೆ ಒರೆಸಿಕೊಳ್ಳುತ್ತಾ, "ಮತ್ತೆ ಕೆಟ್ಟಿತಾ? ಅಯ್ಯೋ ಪಾಪ," ಅಂದ. ಮಧುರಾ ಅವನ ಫೋನನ್ನು ಅವನ ಕೈಯಲ್ಲಿಟ್ಟಳು. ಪರದೆಯ ಮೇಲೆ ಮಾವನ ಹೆಸರು ನೋಡಿದ ಅವನ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೂ ಅವನು ಜಗಳವಾಡಲಿಲ್ಲ. ಗೆದ್ದವನಿಗೆ ಜಗಳ ಯಾಕೆ? "ನಿನ್ನ ಒಳ್ಳೆಯದಕ್ಕೇ, ಮಧೂ," ಅಂದು ತಿಂಡಿಗೆ ಕೂತ. ಕೋಟೇಶ್ವರಮ್ಮ ಅವತ್ತು ಹೆಸರುಕಾಳಿನ ದೋಸೆ ಪೆಸರಟ್ಟು ಹುಯ್ದು ಸೊಸೆಗೂ ಬಿಸಿಬಿಸಿ ಬಡಿಸಿದಳು. ಅಷ್ಟು ಪ್ರೀತಿಯಿಂದ ಅವಳು ಯಾವತ್ತೂ ಬಡಿಸಿರಲಿಲ್ಲ.

ಮಧ್ಯಾಹ್ನ ಮಧುರಾ ಒಬ್ಬಳೇ ಕೂತು ತೊಂದರೆಯನ್ನು ಹುಡುಕಿ ತೆಗೆದಳು. ಒಂದು ಜೋಡಣೆಯ ಒಳಗೆ ಒಂದೇ ಪಿನ್ನನ್ನು ಹಿಂದಕ್ಕೆ ತಳ್ಳಿದ್ದರು. ಹೊರಗಿನಿಂದ ನೋಡಿದರೆ ಸರಿಯಾಗಿ ಕೂತಿದೆ. ಒಳಗೆ ಒಂದಕ್ಕೊಂದು ತಾಗುವುದಿಲ್ಲ. ಸೂಜಿಯ ಮೊನೆಯಿಂದ ಅದನ್ನು ಮುಂದಕ್ಕೆ ಎಳೆದಳು. ಗಾಡಿ ಹೊರಟಿತು. ಅದರಲ್ಲೇ ಹೋಗಿ ಐಸ್ ಡಬ್ಬಿ ವಾಪಸ್ ಕೊಟ್ಟು ಬಂದಳು. ಅವಳ ಜಾಗದಲ್ಲಿ ಆಗಲೇ ಬೇರೆ ಹುಡುಗಿ ಕೂತು ಟ್ಯೂಬುಗಳಿಗೆ ಹೆಸರು ಅಂಟಿಸುತ್ತಿದ್ದಳು.

ಬೇರೆ ಲ್ಯಾಬುಗಳಿಗೆ ಅಲೆದಳು. ಹೊತ್ತಿಗೆ ಬಾರದವಳು ಎಂಬ ಹೆಸರು ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಆಮೇಲೆ ಗಂಗಾಭವಾನಿ ಯಾರದೋ ಗಾಡಿ ತಳ್ಳಿಸಿಕೊಂಡು ಬಂದಳು, ಆಮೇಲೆ ಇನ್ನೊಬ್ಬರು. ರಾಮ್‌ಪ್ರಸಾದನಿಗೆ ಹಿಡಿಸಲಾರದಷ್ಟು ಖುಷಿ. ಹೆಂಡತಿ ಮನೆಯಲ್ಲೇ ಇದ್ದಾಳೆ, ಹೆಸರೂ ಬರುತ್ತಿದೆ. ಒನ್ ಟೌನಿನ ಅಂಗಡಿಯವರ ಗಾಡಿಗಳನ್ನೂ ತಾನೇ ಕಳಿಸತೊಡಗಿದ. ಕೇಶವಮೂರ್ತಿಗಂತೂ ತಾವು ಮಾಡಿದ್ದೇ ಸರಿ ಅನಿಸಿಬಿಟ್ಟಿತು. ಒಂದು ಸಂಜೆ ಫೋನ್ ಮಾಡಿ, ಏನೂ ನಡೆದೇ ಇಲ್ಲವೆಂಬಂತೆ, "ಇವತ್ತು ಯಾವ ಗಾಡಿ ಬಂದಿತ್ತವ್ವ? ಏನಾಗಿತ್ತು?" ಎಂದು ಕೇಳಿದರು.

"ಚೆಪ್ಪಂಡಿ," ಅಂದಳು ಮಧುರಾ. ಹೇಳಿ ಎಂದು, ತೆಲುಗಿನಲ್ಲಿ, ಗಿರಾಕಿಗೆ ಹೇಳುವ ಹಾಗೆ.

ಅಪ್ಪ ನಕ್ಕರು. ತಮಾಷೆ ಅಂದುಕೊಂಡರು. ಮತ್ತೆ ಕನ್ನಡದಲ್ಲಿ ಕೇಳಿದರು, ಅವಳು ಮತ್ತೆ ತೆಲುಗಿನಲ್ಲೇ ಉತ್ತರಿಸಿದಳು. ಚೆನ್ನಾಗಿದ್ದೇನೆ. ನೀವು ಚೆನ್ನಾಗಿದ್ದೀರಾ. ಮಾತ್ರೆ ತಗೊಳ್ಳಿ. ಇಡಲಾ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಒಂದು ಬಿರುಸು ಮಾತಿಲ್ಲ, ಒಂದು ದೂರಿಲ್ಲ. ತೆಲುಗಿನ ಮರ್ಯಾದೆಯ ಮಾತುಗಳನ್ನೆಲ್ಲ ಪೋಣಿಸಿ ಅಪ್ಪನಿಗೆ ಉಣ್ಣಿಸಿದಳು. ಹೆಂಡತಿ ಹೋದ ಮೇಲೆ ವೈಜಾಗಿನ ಆ ಮನೆಯಲ್ಲಿ ಕನ್ನಡ ಕೇಳಲು ಕೇಶವಮೂರ್ತಿಗೂ ಈ ಮಗಳನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು.

ಕೊನೆಗೆ ತಡೆಯಲಾರದೆ ಅವರೇ ರೈಲು ಹತ್ತಿ ಬಂದರು. ಮಧುರಾ ಚೊಂಬಿನಲ್ಲಿ ನೀರು ಕೊಟ್ಟಳು, ಎಲೆ ಹಾಕಿ ಬಡಿಸಿದಳು, "ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ" ಎಂದು ತೆಲುಗಿನಲ್ಲೇ ಉಪಚಾರ ಮಾಡಿದಳು. ಊಟವಾದ ಮೇಲೆ ಅವಳು ಬಾಗಿಲ ಮೆಟ್ಟಿಲಲ್ಲಿ ಯಾರದೋ ಗಾಡಿಯ ಮುಂದೆ ಕೂತಿದ್ದಾಗ ಅಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಕಾರ್ಖಾನೆಯ ದೊಡ್ಡ ದೊಡ್ಡ ಮೋಟಾರುಗಳನ್ನು ಪಳಗಿಸಿದ್ದ ಕೈಯಿಂದ ಕೆಳಗೆ ಬಿದ್ದಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಆರಿಸಿ ಅವಳ ಮುಂದಿಟ್ಟರು.

"ಬೈದಾದ್ರೂ ಬುಡವ್ವ," ಅಂದರು. "ಮುಂಡೇದೇ ಅನ್ನು, ಮನೆಹಾಳ ಅನ್ನು. ನಮ್ ಮಾತ್ನಾಗೆ ಒಂದ್ಸಲ ಬೈದ್ಬುಡು, ಎದ್ದೋಯ್ತೀನಿ."

ಮಧುರಾ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟು ಅವರ ಮುಖವನ್ನು ನೋಡಿದಳು. ಆಮೇಲೆ ಒಳಗಿದ್ದ ಗಂಡನಿಗೆ ಕೇಳುವ ಹಾಗೆ ತೆಲುಗಿನಲ್ಲಿ ಕೂಗಿದಳು:

"ಏಮಂಡೀ, ನಿಮ್ಮ ಮಾವಯ್ಯಗಾರು ಏನೋ ಕೇಳುತ್ತಿದ್ದಾರೆ. ನನಗೆ ಅರ್ಥವಾಗುತ್ತಿಲ್ಲ. ಸ್ವಲ್ಪ ಬಂದು ನೋಡಿ."